ಇಶ್ಯೂ ಟ್ರ್ಯಾಕರ್‌ನ ಇ-ಮೇಲ್ ಸೂಚನೆಗಳು: ಬದಲಾವಣೆಯಿಂದ ಇನ್‌ಬಾಕ್ಸ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಇಶ್ಯೂ ಟ್ರ್ಯಾಕರ್ ಎಂದರೆ ದೂರು, ಕೆಲಸಗಳನ್ನು ಒಂದೊಂದು ಇಶ್ಯೂ ಆಗಿ ದಾಖಲಿಸಿ, ಮುಗಿಯುವವರೆಗೆ ಗಮನಿಸುವ ತಂತ್ರಾಂಶ. ಅದನ್ನು ನೋಡಿಕೊಳ್ಳುವವರ ಬಳಿ ಎರಡು ದೂರುಗಳು ತಪ್ಪದೆ ಬರುತ್ತವೆ. ‘ನನಗೆ ಮೇಲ್ ಬರಲೇ ಇಲ್ಲ’ ಎನ್ನುವುದು ಒಂದು. ‘ನನಗೆ ಸಂಬಂಧವೇ ಇಲ್ಲದ ಮೇಲ್‌ಗಳು ರಾಶಿ ಬೀಳುತ್ತಿವೆ’ ಎನ್ನುವುದು ಇನ್ನೊಂದು. ಇವೆರಡೂ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಮೂಲ ಬಹುಮಟ್ಟಿಗೆ ಒಂದೇ ಕಡೆ ಇರುತ್ತದೆ: ಸೂಚನೆ ಯಾರಿಗೆ ಹೋಗಬೇಕು ಎಂದು ಟ್ರ್ಯಾಕರ್ ಲೆಕ್ಕ ಹಾಕುವ ಹಂತದಲ್ಲಿ. ಆದರೂ ಹೆಚ್ಚಿನವರು ಮೊದಲು ಅನುಮಾನಪಡುವುದು ಮೇಲ್ ಸರ್ವರನ್ನು. ಸರ್ವರ್ ಸರಿಯಾಗಿಯೇ ಇರುವಾಗ ಅದರ ಸೆಟ್ಟಿಂಗ್‌ಗಳನ್ನು ಬದಲಿಸುತ್ತ ಹೋದರೆ ಇದ್ದ ತೊಂದರೆ ಹಾಗೆಯೇ ಉಳಿದು, ಇಲ್ಲದ ತೊಂದರೆಯೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಸೂಚನೆಯೊಂದು ಹುಟ್ಟಿ ಇನ್‌ಬಾಕ್ಸ್ ಸೇರುವವರೆಗಿನ ದಾರಿಯನ್ನು ಇಲ್ಲಿ ಕ್ರಮವಾಗಿ ವಿವರಿಸಿ, ಪ್ರತಿ ಹಂತದಲ್ಲೂ ಏನನ್ನು ಹೇಗೆ ಹೊಂದಿಸಬೇಕು ಎಂಬುದನ್ನು ತಿಳಿಸಿದ್ದೇನೆ.

ವಿವರಣೆಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಂಬಯಿಯ ಮಾಟುಂಗಾ, ಚೆಂಬೂರು, ನವಿ ಮುಂಬಯಿಯ ವಾಶಿಗಳಲ್ಲಿ ನಮ್ಮ ಕರಾವಳಿಯವರು ನಡೆಸುವ ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಒಂದು ಸಣ್ಣ ಸಂಸ್ಥೆಯಿದೆ. ಅದರ ಸಪೋರ್ಟ್ ವಿಭಾಗ ಅಂಧೇರಿಯಲ್ಲಿದೆ, ಸಾಫ್ಟ್‌ವೇರ್ ಬರೆಯುವ ತಂಡ ಪುಣೆಯ ಬಾಣೇರಿನಲ್ಲಿದೆ. ಮಾಟುಂಗಾದ ಹೋಟೆಲೊಂದರ ಮಾಲೀಕರು ಬಿಲ್ಲಿನ ಜಿಎಸ್‌ಟಿ ಮೊತ್ತದಲ್ಲಿ ಒಂದು ರೂಪಾಯಿಯ ವ್ಯತ್ಯಾಸ ಬರುತ್ತಿದೆ ಎಂದು ತಿಳಿಸಿದರು. ಸಪೋರ್ಟ್‌ನವರು ಇಶ್ಯೂ ದಾಖಲಿಸಿದರು, ಪುಣೆಯ ಪ್ರೋಗ್ರಾಮರ್‌ಗೆ ಅಸೈನ್ ಮಾಡಿದರು, ಅಂದರೆ ಕೆಲಸ ಒಪ್ಪಿಸಿದರು. ನಾಲ್ಕು ದಿನಗಳ ನಂತರ ಮಾಲೀಕರಿಂದ ಫೋನ್ ಬಂತು: ‘ಎಂತ ಮಾರಾಯ್ರೆ, ಕಂಪ್ಲೇಂಟ್ ಕೊಟ್ಟು ನಾಲ್ಕು ದಿನ ಆಯ್ತು, ಒಂದು ಮೇಲ್ ಸಹ ಇಲ್ಲವಲ್ಲ!’ ಟ್ರ್ಯಾಕರ್ ತೆರೆದು ನೋಡಿದರೆ ಕೆಲಸ ಎರಡನೆಯ ದಿನವೇ ಮುಗಿದಿದೆ. ಹಾಗಾದರೆ ಮೇಲ್ ಎಲ್ಲಿ ನಿಂತಿತು?

ಹೆಜ್ಜೆ 1: ದಾರಿಯ ಹಂತಗಳನ್ನು ಬೇರ್ಪಡಿಸಿಕೊಳ್ಳಿ

ರೆಡ್‌ಮೈನ್, ಮ್ಯಾಂಟಿಸ್, ಬಗ್‌ಜಿಲ್ಲಾ, ಜಿರಾ, ಗಿಟ್‌ಲ್ಯಾಬ್ – ಈ ಟ್ರ್ಯಾಕರ್‌ಗಳಲ್ಲಿ ಯಾವುದನ್ನೇ ಬಳಸಿದರೂ ಒಳಗಿನ ಕ್ರಮ ಒಂದೇ. ಯಾರೋ ಇಶ್ಯೂವಿನಲ್ಲಿ ಒಂದು ಬದಲಾವಣೆ ಮಾಡಿ ಉಳಿಸುತ್ತಾರೆ. ಆ ಬದಲಾವಣೆ ಸೂಚನೆಗೆ ಅರ್ಹವೇ ಎಂದು ಟ್ರ್ಯಾಕರ್ ನೋಡುತ್ತದೆ. ಅರ್ಹವಾದರೆ ಯಾರಿಗೆಲ್ಲ ತಿಳಿಸಬೇಕು ಎಂಬ ಪಟ್ಟಿ ತಯಾರಾಗುತ್ತದೆ, ಆ ಪಟ್ಟಿಯಿಂದ ಕೆಲವರನ್ನು ತೆಗೆಯಲಾಗುತ್ತದೆ. ಉಳಿದವರಿಗೆ ಮೇಲ್ ಸಿದ್ಧವಾಗಿ ಸರದಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಕಳುಹಿಸುವ ಸರ್ವರ್‌ಗೆ, ಅಲ್ಲಿಂದ ಸ್ವೀಕರಿಸುವವರ ಸರ್ವರ್‌ಗೆ, ಕೊನೆಗೆ ಇನ್‌ಬಾಕ್ಸ್‌ಗೋ ಸ್ಪ್ಯಾಮ್ ಫೋಲ್ಡರ್‌ಗೋ ಹೋಗುತ್ತದೆ. ಸರದಿಗೆ ಸೇರುವ ಮುಂಚಿನದೆಲ್ಲ ಟ್ರ್ಯಾಕರ್‌ನ ನಿರ್ಧಾರ. ನಂತರದ್ದೆಲ್ಲ ಮೇಲ್ ಸಾಗಣೆಯ ಕೆಲಸ. ಯಾವ ದೂರು ಬಂದರೂ ಅದು ಈ ಗೆರೆಯ ಯಾವ ಬದಿಯದು ಎಂಬುದನ್ನು ಮೊದಲು ನಿರ್ಧರಿಸಬೇಕು.

ಹೆಜ್ಜೆ 2: ಯಾವ ಬದಲಾವಣೆಗೆ ಸೂಚನೆ ಬೇಕು ಎಂಬುದನ್ನು ತೀರ್ಮಾನಿಸಿ

ಟ್ರ್ಯಾಕರ್ ಗಮನಿಸುವುದು ಇಶ್ಯೂವನ್ನು ಉಳಿಸಿದ ಕ್ಷಣವನ್ನು. ಸ್ಟೇಟಸ್, ಪ್ರಿಯಾರಿಟಿ, ಅಸೈನೀ (ಕೆಲಸ ಯಾರ ಹೆಸರಿನಲ್ಲಿದೆಯೋ ಅವರು) ಈ ಮೂರನ್ನೂ ಒಂದೇ ಸಲ ಬದಲಿಸಿ ಉಳಿಸಿದರೆ ಸಾಮಾನ್ಯವಾಗಿ ಒಂದು ಮೇಲ್ ಹೋಗುತ್ತದೆ. ಒಂದೊಂದನ್ನೇ ಬದಲಿಸಿ ಮೂರು ಸಲ ಉಳಿಸಿದರೆ ಮೂರು ಮೇಲ್‌ಗಳು ಹೋಗಬಹುದು. ತಂಡದವರಿಗೆ ಈ ಒಂದು ಅಭ್ಯಾಸವನ್ನು ಹೇಳಿಕೊಟ್ಟರೆ ಸಾಕು, ಯಾವ ಸೆಟ್ಟಿಂಗನ್ನೂ ಮುಟ್ಟದೆ ಮೇಲ್‌ಗಳ ಸಂಖ್ಯೆ ಇಳಿಯುತ್ತದೆ.

ರೆಡ್‌ಮೈನ್‌ನಲ್ಲಿ ಅಡ್ಮಿನಿಸ್ಟ್ರೇಷನ್ ಪುಟದ ಇ-ಮೇಲ್ ನೋಟಿಫಿಕೇಶನ್ ಟ್ಯಾಬ್‌ನಲ್ಲಿ ಹೊಸ ಇಶ್ಯೂ, ಇಶ್ಯೂ ಬದಲಾವಣೆ, ಟಿಪ್ಪಣಿ ಸೇರ್ಪಡೆ, ಸ್ಟೇಟಸ್ ಬದಲಾವಣೆ, ಅಸೈನೀ ಬದಲಾವಣೆ ಮುಂತಾದವುಗಳಿಗೆ ಪ್ರತ್ಯೇಕ ಚೆಕ್‌ಬಾಕ್ಸ್‌ಗಳಿವೆ. ‘ಇಶ್ಯೂ ಬದಲಾವಣೆ’ ಎಂಬುದನ್ನು ಆರಿಸಿದರೆ ಅದರ ಕೆಳಗಿನ ಸೂಕ್ಷ್ಮ ಆಯ್ಕೆಗಳಿಗೆ ಅರ್ಥವಿರುವುದಿಲ್ಲ, ಏಕೆಂದರೆ ದಿನಾಂಕ ತಿದ್ದಿದರೂ ಶೇಕಡಾವಾರು ಪ್ರಗತಿ ಬದಲಿಸಿದರೂ ಮೇಲ್ ಹೊರಡುತ್ತದೆ. ಸಣ್ಣ ತಂಡಕ್ಕೆ ನಾನು ಸೂಚಿಸುವುದು ಅದನ್ನು ತೆಗೆದು, ಟಿಪ್ಪಣಿ, ಸ್ಟೇಟಸ್, ಅಸೈನೀ ಈ ಮೂರನ್ನು ಮಾತ್ರ ಇಟ್ಟುಕೊಳ್ಳುವುದು. ಜಿರಾದಲ್ಲಿ ಇದೇ ಕೆಲಸವನ್ನು ನೋಟಿಫಿಕೇಶನ್ ಸ್ಕೀಮ್ ಮಾಡುತ್ತದೆ: ಎಡಬದಿಯಲ್ಲಿ ಘಟನೆಗಳ ಪಟ್ಟಿ, ಪ್ರತಿ ಘಟನೆಯ ಎದುರು ಅದನ್ನು ಪಡೆಯುವವರ ಪಟ್ಟಿ. ಒಂದು ಸ್ಕೀಮನ್ನು ಹಲವು ಪ್ರಾಜೆಕ್ಟ್‌ಗಳು ಹಂಚಿಕೊಂಡಿರಬಹುದಾದ್ದರಿಂದ, ಮಾಟುಂಗಾದ ಗ್ರಾಹಕರಿಗೆಂದು ಮಾಡಿದ ತಿದ್ದುಪಡಿ ವಾಶಿಯ ಗ್ರಾಹಕರ ಪ್ರಾಜೆಕ್ಟ್‌ಗೂ ತಗಲಬಹುದು. ತಿದ್ದುವ ಮುನ್ನ ಆ ಸ್ಕೀಮ್ ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ನೋಡಿ, ಬೇಕಾದರೆ ನಕಲು ಮಾಡಿಕೊಂಡು ಆ ನಕಲನ್ನು ತಿದ್ದಿ.

ಹೆಜ್ಜೆ 3: ಯಾರಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಅರ್ಥ ಮಾಡಿಕೊಳ್ಳಿ

ಇಡೀ ವಿಷಯದ ತಿರುಳು ಇಲ್ಲಿದೆ. ಪಟ್ಟಿ ತಯಾರಾಗುವುದು ಕೂಡಿಸುವುದು ಮತ್ತು ಕಳೆಯುವುದು ಎಂಬ ಎರಡು ಸುತ್ತಿನಲ್ಲಿ.

ಕೂಡಿಸುವ ಸುತ್ತಿನಲ್ಲಿ ಇಶ್ಯೂವಿನೊಂದಿಗೆ ಸಂಬಂಧ ಇರುವವರೆಲ್ಲ ಸೇರುತ್ತಾರೆ: ಇಶ್ಯೂ ದಾಖಲಿಸಿದವರು, ಈಗ ಅದು ಯಾರ ಹೆಸರಿನಲ್ಲಿದೆಯೋ ಅವರು, ವಾಚರ್ ಅಥವಾ ಸಿಸಿ ಪಟ್ಟಿಯಲ್ಲಿರುವವರು, ಅಂದರೆ ಆ ಇಶ್ಯೂವಿನ ಸುದ್ದಿ ತಿಳಿಯಲೆಂದು ಸೇರಿಸಲಾದವರು. ರೆಡ್‌ಮೈನ್ ಇದಕ್ಕೆ ಹಿಂದಿನ ಅಸೈನೀಯನ್ನೂ ಸೇರಿಸುತ್ತದೆ; ಕೆಲಸ ತಮ್ಮ ಕೈಯಿಂದ ಬೇರೆಯವರಿಗೆ ಹೋಯಿತು ಎಂಬುದು ಅವರಿಗೆ ತಿಳಿಯಬೇಕಲ್ಲ. ಮ್ಯಾಂಟಿಸ್‌ನಲ್ಲಿ ದಾಖಲಿಸಿದವರು, ನಿರ್ವಹಿಸುವವರು, ಮಾನಿಟರ್ ಮಾಡುವವರು ಇವರೊಂದಿಗೆ, ಆ ಇಶ್ಯೂವಿಗೆ ಹಿಂದೆ ಎಂದಾದರೂ ಟಿಪ್ಪಣಿ ಬರೆದವರೂ ಸಹಜವಾಗಿ ಪಟ್ಟಿಗೆ ಸೇರುತ್ತಾರೆ. ‘ನಾನು ಒಂದೇ ಸಲ ಉತ್ತರಿಸಿದ್ದೆ, ಇನ್ನೂ ಮೇಲ್ ಬರುತ್ತಲೇ ಇದೆ’ ಎಂಬ ಮ್ಯಾಂಟಿಸ್ ಬಳಕೆದಾರರ ಅಳಲಿಗೆ ಕಾರಣ ಇದೇ. ಗಿಟ್‌ಹಬ್‌ನಲ್ಲಿ ಟಿಪ್ಪಣಿಯೊಂದರಲ್ಲಿ ನಿಮ್ಮ ಹೆಸರನ್ನು ಉಲ್ಲೇಖಿಸಿದರೂ ಸಾಕು, ಆ ಇಡೀ ಚರ್ಚೆಗೆ ನೀವು ಚಂದಾದಾರರಾಗುತ್ತೀರಿ.

ಕಳೆಯುವ ಸುತ್ತು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದಲೇ ‘ಬರಲಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿ ಹುಟ್ಟುತ್ತವೆ. ಮೊದಲನೆಯದಾಗಿ, ಬದಲಾವಣೆ ಮಾಡಿದವರನ್ನೇ ಪಟ್ಟಿಯಿಂದ ತೆಗೆಯಲಾಗುತ್ತದೆ. ಮ್ಯಾಂಟಿಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ತಾವೇ ಮಾಡಿದ ಬದಲಾವಣೆಯ ಮೇಲ್ ತಮಗೆ ಬರುವುದಿಲ್ಲ. ರೆಡ್‌ಮೈನ್, ಜಿರಾ, ಬಗ್‌ಜಿಲ್ಲಾಗಳಲ್ಲಿ ಇದು ಪ್ರತಿಯೊಬ್ಬರೂ ತಮ್ಮ ಖಾತೆಯಲ್ಲಿ ಆರಿಸಿಕೊಳ್ಳಬಹುದಾದ ಆಯ್ಕೆ. ಹೊಸದಾಗಿ ಟ್ರ್ಯಾಕರ್ ಸ್ಥಾಪಿಸಿದವರು ತಾವೇ ಇಶ್ಯೂ ಬರೆದು, ತಮಗೇ ಅಸೈನ್ ಮಾಡಿಕೊಂಡು, ಮೇಲ್ ಬರದಿದ್ದಾಗ ಸರ್ವರ್ ಕೆಟ್ಟಿದೆ ಎಂದು ಗಂಟೆಗಟ್ಟಲೆ ಹುಡುಕುವುದುಂಟು. ಪರೀಕ್ಷೆಗೆ ಯಾವಾಗಲೂ ಎರಡು ಖಾತೆಗಳನ್ನು ಬಳಸಿ.

ಎರಡನೆಯದಾಗಿ, ಆ ಇಶ್ಯೂವನ್ನು ನೋಡುವ ಅನುಮತಿ ಇಲ್ಲದವರನ್ನು ತೆಗೆಯಲಾಗುತ್ತದೆ. ಜಿರಾದಲ್ಲಿ ಸ್ಕೀಮ್ ಪಟ್ಟಿಯಲ್ಲಿ ಹೆಸರಿದ್ದರೂ ಪ್ರಾಜೆಕ್ಟ್ ನೋಡುವ ಅನುಮತಿ ಇಲ್ಲದಿದ್ದರೆ ಅಥವಾ ಇಶ್ಯೂವಿನ ಭದ್ರತಾ ಮಟ್ಟ ಅಡ್ಡ ಬಂದರೆ ಮೇಲ್ ಹೋಗುವುದಿಲ್ಲ. ಇದು ಸರಿಯಾದ ವರ್ತನೆ. ಪುಟದಲ್ಲಿ ಮುಚ್ಚಿಟ್ಟದ್ದು ಮೇಲ್‌ನಲ್ಲಿ ತೆರೆದುಕೊಳ್ಳಬಾರದು. ಮೂರನೆಯದಾಗಿ, ವ್ಯಕ್ತಿಯ ಸ್ವಂತ ಆಯ್ಕೆಗಳು ಬರುತ್ತವೆ. ಬಗ್‌ಜಿಲ್ಲಾದಲ್ಲಿ ಇದು ಒಂದು ಕೋಷ್ಟಕ: ಒಂದು ದಿಕ್ಕಿನಲ್ಲಿ ನಿಮ್ಮ ಪಾತ್ರ – ಅಸೈನೀ, ದಾಖಲಿಸಿದವರು, ಸಿಸಿ, ಗುಣಮಟ್ಟ ಪರೀಕ್ಷಕರು – ಇನ್ನೊಂದು ದಿಕ್ಕಿನಲ್ಲಿ ಬದಲಾವಣೆಯ ಬಗೆಗಳು. ಪ್ರತಿ ಚೌಕದಲ್ಲೂ ಬೇಕು–ಬೇಡ ಎಂದು ಗುರುತು ಹಾಕಬಹುದು. 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ಹುಟ್ಟಿದ ಈ ತಂತ್ರಾಂಶದಲ್ಲಿರುವಷ್ಟು ಸೂಕ್ಷ್ಮ ನಿಯಂತ್ರಣವನ್ನು ನಂತರ ಬಂದ ಎಷ್ಟೋ ಟ್ರ್ಯಾಕರ್‌ಗಳು ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮ್ಯಾಂಟಿಸ್ ಇನ್ನೊಂದು ಬಗೆಯ ಜರಡಿಯನ್ನು ಇಟ್ಟಿದೆ: ಪ್ರತಿ ಘಟನೆಗೂ ಇಶ್ಯೂವಿನ ತೀವ್ರತೆ ಕನಿಷ್ಠ ಇಷ್ಟಿರಬೇಕು ಎಂದು ಬಳಕೆದಾರರು ಹೇಳಬಹುದು.

ರೆಡ್‌ಮೈನ್‌ನಲ್ಲಿ ವ್ಯಕ್ತಿಯ ಆಯ್ಕೆ ಐದಾರು ಸಾಲಿನ ಪಟ್ಟಿಯಾಗಿದೆ. ನನ್ನ ಎಲ್ಲ ಪ್ರಾಜೆಕ್ಟ್‌ಗಳ ಎಲ್ಲ ಘಟನೆಗಳು, ಆರಿಸಿದ ಪ್ರಾಜೆಕ್ಟ್‌ಗಳ ಎಲ್ಲ ಘಟನೆಗಳು, ನಾನು ವಾಚ್ ಮಾಡುವ ಅಥವಾ ಭಾಗಿಯಾಗಿರುವವು ಮಾತ್ರ, ನಾನು ವಾಚ್ ಮಾಡುವ ಅಥವಾ ನನಗೆ ಅಸೈನ್ ಆದವು ಮಾತ್ರ, ಯಾವುದೂ ಬೇಡ ಎಂಬ ಮಾದರಿಯಲ್ಲಿ ಅದು ಇಳಿಯುತ್ತ ಹೋಗುತ್ತದೆ. ಮೂಲತಃ ಇರುವುದು ಮೂರನೆಯದು, ಹೆಚ್ಚಿನವರಿಗೆ ಅದೇ ಸಾಕು. ಮ್ಯಾನೇಜರ್‌ಗಳು ಉತ್ಸಾಹದಿಂದ ಮೊದಲನೆಯದನ್ನು ಆರಿಸಿಕೊಂಡು, ವಾರದೊಳಗೆ ಎಲ್ಲವನ್ನೂ ಒಂದು ಫೋಲ್ಡರ್‌ಗೆ ತಳ್ಳುವ ಫಿಲ್ಟರ್ ಬರೆದುಕೊಂಡು, ಆ ಫೋಲ್ಡರನ್ನು ಮತ್ತೆಂದೂ ತೆರೆಯದಿರುವುದು ಸಾಮಾನ್ಯ. ಅವರ ತುರ್ತು ಗಮನ ಬೇಡುವ ಮೇಲ್ ಸಹ ಅದೇ ಫೋಲ್ಡರಿನಲ್ಲಿ ಉಳಿದುಬಿಡುತ್ತದೆ. ಹೆಚ್ಚು ಮೇಲ್ ಕಳುಹಿಸುವುದು ಸುರಕ್ಷಿತ ಮಾರ್ಗವಲ್ಲ; ಬರದ ಮೇಲ್ ಎಷ್ಟು ದೋಷವೋ ಬೇಡದ ಮೇಲ್ ಅಷ್ಟೇ ದೋಷ.

ಇಲ್ಲಿ ಒಂದು ಎಚ್ಚರಿಕೆ. ಇಡೀ ತಂಡಕ್ಕೆ ಒಂದೇ ಸಾಮೂಹಿಕ ವಿಳಾಸ ಮಾಡಿ, ಅದನ್ನೇ ಟ್ರ್ಯಾಕರ್‌ನಲ್ಲಿ ಒಬ್ಬ ಬಳಕೆದಾರನಂತೆ ಸೇರಿಸುವ ರೂಢಿ ಹಲವೆಡೆ ಇದೆ. ಆಗ ಮೇಲೆ ಹೇಳಿದ ಜರಡಿಗಳು ಯಾವುವೂ ವ್ಯಕ್ತಿಗೆ ಅನ್ವಯಿಸುವುದಿಲ್ಲ: ಬದಲಾವಣೆ ಮಾಡಿದವರಿಗೂ ಮೇಲ್ ಬರುತ್ತದೆ, ಅನುಮತಿ ಇಲ್ಲದವರಿಗೂ ಬರುತ್ತದೆ, ಕೆಲಸ ಬಿಟ್ಟವರು ಆ ಪಟ್ಟಿಯಲ್ಲಿ ಉಳಿದಿದ್ದರೆ ಅವರಿಗೂ ಬರುತ್ತದೆ. ಟ್ರ್ಯಾಕರ್‌ನಲ್ಲೇ ಗುಂಪು ರಚಿಸಿ, ಒಬ್ಬೊಬ್ಬರ ಖಾತೆಯನ್ನು ಅದಕ್ಕೆ ಸೇರಿಸುವುದೇ ಸರಿ.

ಹೆಜ್ಜೆ 4: ಗ್ರಾಹಕರಿಗೆ ಏನು ಹೋಗಬೇಕು, ಏನು ಹೋಗಬಾರದು

ನಮ್ಮ ಉದಾಹರಣೆಯ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಇಶ್ಯೂವಿನ ಇತಿಹಾಸವನ್ನು ತೆರೆದು ನೋಡಿದರೆ ದಾಖಲಿಸಿದವರು ಎಂಬ ಜಾಗದಲ್ಲಿ ಹೋಟೆಲ್ ಮಾಲೀಕರ ಹೆಸರಿಲ್ಲ, ಫೋನ್ ಎತ್ತಿದ ಸಪೋರ್ಟ್ ಸಿಬ್ಬಂದಿಯ ಹೆಸರಿದೆ. ಮಾಲೀಕರ ವಿಳಾಸ ವಿವರಣೆಯ ಪಠ್ಯದಲ್ಲಿ ಬರೆದಿದೆ. ಟ್ರ್ಯಾಕರ್ ಪಠ್ಯವನ್ನು ಓದಿ ವಿಳಾಸ ಹುಡುಕುವುದಿಲ್ಲ. ಪ್ರೋಗ್ರಾಮರ್ ‘ತೆರಿಗೆಯ ಎರಡು ಭಾಗಗಳನ್ನು ಪ್ರತ್ಯೇಕವಾಗಿ ಪೂರ್ಣಾಂಕಕ್ಕೆ ತರುತ್ತಿದ್ದುದರಿಂದ ವ್ಯತ್ಯಾಸ ಬಂದಿತ್ತು, ಸರಿಪಡಿಸಲಾಗಿದೆ’ ಎಂದು ಬರೆದ ಉತ್ತರ ಸಪೋರ್ಟ್‌ಗೆ ತಲುಪಿತು, ಅಲ್ಲೇ ನಿಂತಿತು. ಮೇಲ್ ಸರ್ವರ್‌ನ ಪಾತ್ರ ಇದರಲ್ಲಿ ಏನೂ ಇಲ್ಲ. ಪರಿಹಾರವೆಂದರೆ ಬೇರೆಯವರ ಪರವಾಗಿ ದಾಖಲಿಸುವಾಗ ಆ ಗ್ರಾಹಕರನ್ನೇ ರಿಪೋರ್ಟರ್ ಆಗಿಸುವುದು, ಆಗದಿದ್ದರೆ ವಾಚರ್ ಆಗಿ ಸೇರಿಸುವುದು. ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ ಗ್ರಾಹಕರ ಪರವಾಗಿ ಕೋರಿಕೆ ಸಲ್ಲಿಸಲು ಇದಕ್ಕೆಂದೇ ಅವಕಾಶವಿದೆ.

ಆದರೆ ಗ್ರಾಹಕರನ್ನು ಸೇರಿಸಿದ ಮರುಕ್ಷಣವೇ ಇನ್ನೊಂದು ಹೊಣೆ ಬರುತ್ತದೆ. ತಂಡದೊಳಗಿನ ಮಾತುಗಳು ಗ್ರಾಹಕರಿಗೆ ಹೋಗದಂತೆ ಖಾಸಗಿ ಟಿಪ್ಪಣಿಯ ಸೌಲಭ್ಯವನ್ನು ಬಳಸಬೇಕು. ರೆಡ್‌ಮೈನ್‌ನಲ್ಲಿ ಖಾಸಗಿ ಟಿಪ್ಪಣಿ ನೋಡುವ ಅನುಮತಿ ಇರುವವರಿಗೆ ಮಾತ್ರ ಅದರ ಮೇಲ್ ಹೋಗುತ್ತದೆ. ಮ್ಯಾಂಟಿಸ್‌ನಲ್ಲಿ ಟಿಪ್ಪಣಿಯನ್ನು ಪ್ರೈವೇಟ್ ಎಂದು ಗುರುತಿಸಬಹುದು. ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ ಒಳಟಿಪ್ಪಣಿ ಮತ್ತು ಗ್ರಾಹಕರಿಗೆ ಉತ್ತರ ಎಂಬ ಎರಡು ಬೇರೆ ಗುಂಡಿಗಳಿವೆ. ನೆನಪಿಡಬೇಕಾದದ್ದು ಇಷ್ಟು: ಪುಟದಲ್ಲಿ ಬರೆದ ತಪ್ಪು ಟಿಪ್ಪಣಿಯನ್ನು ಅಳಿಸಬಹುದು, ಹೊರಟುಹೋದ ಮೇಲನ್ನು ಅಳಿಸಲಾಗದು. ಗ್ರಾಹಕರ ಖಾತೆಯಂತಹ ಒಂದು ಪರೀಕ್ಷಾ ಖಾತೆಯನ್ನು ನೀವೇ ಇಟ್ಟುಕೊಂಡು, ಖಾಸಗಿ ಟಿಪ್ಪಣಿ ಮತ್ತು ಅದರೊಂದಿಗಿನ ಲಗತ್ತು ಆ ಖಾತೆಗೆ ಕಾಣುತ್ತದೆಯೇ ಎಂದು ಸ್ವತಃ ನೋಡದೆ ಯಾವ ಗ್ರಾಹಕರನ್ನೂ ಟ್ರ್ಯಾಕರ್‌ಗೆ ಸೇರಿಸಬೇಡಿ.

ಹೆಜ್ಜೆ 5: ಸರದಿಯನ್ನು ಬಳಸಿ, ಅದರ ಮೇಲೆ ಕಣ್ಣಿಡಿ

ಹೋಟೆಲಿನಲ್ಲಿ ಮಾಣಿ ಆರ್ಡರ್ ಚೀಟಿಯನ್ನು ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿ ಮುಂದಿನ ಟೇಬಲ್‌ಗೆ ಹೋಗುತ್ತಾನೆಯೇ ಹೊರತು ದೋಸೆ ಆಗುವವರೆಗೆ ಅಲ್ಲೇ ನಿಲ್ಲುವುದಿಲ್ಲ. ಟ್ರ್ಯಾಕರ್‌ನ ಮೇಲ್ ಸರದಿಯ ಕೆಲಸವೂ ಹಾಗೆಯೇ. ಸರದಿ ಇಲ್ಲದಿದ್ದರೆ ಬಳಕೆದಾರರು ಉಳಿಸುವ ಗುಂಡಿ ಒತ್ತಿದಾಗ ಪ್ರತಿಯೊಬ್ಬರಿಗೂ ಮೇಲ್ ಹೋಗುವವರೆಗೆ ಪುಟ ಸುತ್ತುತ್ತಲೇ ಇರುತ್ತದೆ. ಮ್ಯಾಂಟಿಸ್ ಹೊರಹೋಗುವ ಮೇಲ್‌ಗಳನ್ನು ಡೇಟಾಬೇಸ್‌ನ ಒಂದು ಕೋಷ್ಟಕದಲ್ಲಿ ಇಡುತ್ತದೆ. ಅವುಗಳನ್ನು ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ಸರ್ವರ್‌ನ ವ್ಯವಸ್ಥೆ) ಮೂಲಕ ಕಳುಹಿಸುವ ಆಯ್ಕೆ ಮೂಲತಃ ಆಫ್ ಆಗಿರುತ್ತದೆ, ಬಳಕೆದಾರರು ಹೆಚ್ಚಿದ್ದರೆ ಅದನ್ನು ಆನ್ ಮಾಡಿ. ಹಾಗೆ ಮಾಡಿದ ನಂತರ ಕ್ರಾನ್ ಸಾಲನ್ನು ಸೇರಿಸಲು ಮರೆತರೆ ಒಂದೂ ಮೇಲ್ ಹೊರಡುವುದಿಲ್ಲ, ದೋಷವೂ ಕಾಣುವುದಿಲ್ಲ. ಬಗ್‌ಜಿಲ್ಲಾಕ್ಕೂ ಇಂತಹದೇ ಪ್ರತ್ಯೇಕ ಸರದಿ ಸೇವೆ ಇದೆ. ಸ್ವಂತ ಸರ್ವರ್‌ನಲ್ಲಿ ನಡೆಸುವ ಜಿರಾದಲ್ಲಿ ಮೇಲ್ ಕ್ಯೂ ಎಂಬ ಪುಟವಿದ್ದು, ಕಾಯುತ್ತಿರುವವೂ ವಿಫಲವಾದವೂ ಬೇರೆ ಬೇರೆಯಾಗಿ ಕಾಣುತ್ತವೆ.

ಕೆಲವು ಟ್ರ್ಯಾಕರ್‌ಗಳು ಸರದಿಯಲ್ಲಿ ಸ್ವಲ್ಪ ಹೊತ್ತು ಕಾದು, ಒಂದೇ ಇಶ್ಯೂವಿನ ಹತ್ತಿರ ಹತ್ತಿರದ ಬದಲಾವಣೆಗಳನ್ನು ಒಂದೇ ಮೇಲ್‌ಗೆ ಸೇರಿಸುತ್ತವೆ. ಜಿರಾದ ಈ ಬಗೆಯ ಗುಂಪು ಮೇಲ್‌ಗಳು ಸಾಮಾನ್ಯ ಕೆಲಸಕ್ಕೆ ಅನುಕೂಲ, ಆದರೆ ಊಟದ ಹೊತ್ತಿನಲ್ಲಿ ಬಿಲ್ ಪ್ರಿಂಟರ್ ನಿಂತಿದೆ ಎಂಬಂತಹ ದೂರಿಗೆ ಆ ಕಾಯುವಿಕೆ ದುಬಾರಿ. ಅಂತಹವಕ್ಕೆ ಮೇಲನ್ನು ನಂಬದೆ ಫೋನ್ ಕರೆಯ ವ್ಯವಸ್ಥೆ ಇರಲಿ. ಸರದಿಯಲ್ಲಿ ನಿಂತ ಮೇಲ್ ಯಾವಾಗ ತಲುಪೀತು ಎಂಬ ಭರವಸೆಯನ್ನು ಇ-ಮೇಲ್ ಎಂದೂ ಕೊಟ್ಟಿಲ್ಲ.

ಹೆಜ್ಜೆ 6: ಕಳುಹಿಸುವ ಸರ್ವರ್‌ನ ವ್ಯವಸ್ಥೆ

ಟ್ರ್ಯಾಕರ್‌ನಿಂದ ಮೇಲ್ ಒಪ್ಪಿಸಲು 587ನೇ ಪೋರ್ಟ್ (ಸರ್ವರ್‌ಗೆ ಸಂಪರ್ಕ ಬೆಳೆಸುವ, ಸಂಖ್ಯೆಯಿಂದ ಗುರುತಿಸುವ ದ್ವಾರ) ಅಥವಾ ಆರಂಭದಿಂದಲೇ ಗೂಢಲಿಪಿಯಲ್ಲಿ ಮಾತನಾಡುವ 465ನೇ ಪೋರ್ಟ್ ಬಳಸಿ. 25ನೇ ಪೋರ್ಟ್ ಇರುವುದು ಸರ್ವರ್‌ನಿಂದ ಸರ್ವರ್‌ಗೆ. ಅಮೆಜಾನ್‌ನಂತಹ ಕ್ಲೌಡ್ ಸೇವೆಗಳಲ್ಲಿ ಅದರ ಹೊರಹರಿವು ಮೂಲತಃ ನಿರ್ಬಂಧಿತವಾಗಿರುತ್ತದೆ.

ಸಣ್ಣ ಕಚೇರಿಗಳು ಉಚಿತ ಜಿಮೇಲ್ ಖಾತೆಯೊಂದನ್ನು ಟ್ರ್ಯಾಕರ್‌ಗೆ ಜೋಡಿಸುವುದುಂಟು. ಪ್ರಯೋಗಕ್ಕೆ ಅದು ಸಾಕು, ದಿನನಿತ್ಯದ ಬಳಕೆಗೆ ಸಾಲದು. 2022ರ ಮೇ 30ರ ನಂತರ ಗೂಗಲ್ ಬರೀ ಬಳಕೆದಾರ ಹೆಸರು–ಪಾಸ್‌ವರ್ಡ್‌ನ ಪ್ರವೇಶವನ್ನು ನಿಲ್ಲಿಸಿರುವುದರಿಂದ ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಉಚಿತ ಖಾತೆಗೆ ದಿನಕ್ಕೆ 500ರ ಮಿತಿಯಿದೆ. ಹತ್ತು ಜನ ವಾಚರ್‌ಗಳಿರುವ ಇಶ್ಯೂವಿಗೆ ಐದು ಟಿಪ್ಪಣಿ ಬಿದ್ದರೆ 50 ಮುಗಿಯಿತು. ಮಿತಿ ದಾಟಿದ ದಿನ ಸಂಜೆಯ ಮೇಲ್‌ಗಳು ಮಾತ್ರ ಬರುವುದಿಲ್ಲ, ಬೆಳಗ್ಗೆ ಎಲ್ಲವೂ ಸರಿಯಿರುತ್ತದೆ. ಈ ಲಕ್ಷಣ ಕಂಡರೆ ಮೊದಲು ಮಿತಿಯನ್ನು ನೋಡಿ.

ಸ್ವಂತ ಡೊಮೈನ್‌ನಿಂದ ಕಳುಹಿಸುವುದಾದರೆ ಮೂರು ದಾಖಲೆಗಳು ಡಿಎನ್‌ಎಸ್‌ನಲ್ಲಿ (ಡೊಮೈನ್ ಹೆಸರುಗಳ ವಿವರ ಇರುವ ಸಾರ್ವಜನಿಕ ವ್ಯವಸ್ಥೆ) ಇರಬೇಕು. ಈ ಡೊಮೈನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ. ಅದನ್ನು ಪರಿಶೀಲಿಸುವಾಗ ಹತ್ತಕ್ಕಿಂತ ಹೆಚ್ಚು ಡಿಎನ್‌ಎಸ್ ವಿಚಾರಣೆ ಬೇಕಾಗುವಂತಿದ್ದರೆ ದಾಖಲೆಯೇ ಅಸಿಂಧುವಾಗುತ್ತದೆ. ಮೇಲ್‌ನ ಮೇಲೆ ಡಿಜಿಟಲ್ ಸಹಿ ಹಾಕುವುದು ಡಿಕೆಐಎಂ. ಇವೆರಡರಲ್ಲಿ ಒಂದಾದರೂ, ಫ್ರಮ್ ವಿಳಾಸದ ಡೊಮೈನ್‌ಗೆ ಹೊಂದುವಂತೆ, ಉತ್ತೀರ್ಣವಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವುದು ಡಿಎಂಎಆರ್‌ಸಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇವುಗಳ ಬಗ್ಗೆ ಬಿಗಿಯಾದವು. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್‌ಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರಿಗೆ ಮೂರೂ ಕಡ್ಡಾಯ. ಅಷ್ಟು ಕಳುಹಿಸದವರೂ ಇವನ್ನು ಇಟ್ಟುಕೊಳ್ಳುವುದೇ ಲೇಸು.

ಟಿಪ್ಪಣಿ ಬರೆದ ವ್ಯಕ್ತಿಯ ವಿಳಾಸವನ್ನೇ ಫ್ರಮ್ ಸಾಲಿನಲ್ಲಿ ಹಾಕುವ ಆಸೆ ಸಹಜ. ಆದರೆ ಗ್ರಾಹಕರೊಬ್ಬರು ತಮ್ಮ ಜಿಮೇಲ್ ವಿಳಾಸದಿಂದ ನೋಂದಾಯಿಸಿಕೊಂಡು ಟಿಪ್ಪಣಿ ಬರೆದಾಗ, ನಿಮ್ಮ ಸರ್ವರ್ ಜಿಮೇಲ್ ಹೆಸರಿನಲ್ಲಿ ಮೇಲ್ ಕಳುಹಿಸಿದಂತಾಗಿ ಪರೀಕ್ಷೆಯಲ್ಲಿ ಬೀಳುತ್ತದೆ. ಹೆಸರಿನ ಜಾಗದಲ್ಲಿ ವ್ಯಕ್ತಿಯ ಹೆಸರು, ವಿಳಾಸದ ಜಾಗದಲ್ಲಿ ಟ್ರ್ಯಾಕರ್‌ನ ಸ್ಥಿರ ವಿಳಾಸ – ಹೀಗೆ ಇಟ್ಟರೆ ಓದುವವರಿಗೂ ತಿಳಿಯುತ್ತದೆ, ತಪಾಸಣೆಯೂ ದಾಟುತ್ತದೆ.

ಹೆಜ್ಜೆ 7: ಹೆಡರ್‌ಗಳನ್ನು ಓದಲು ಕಲಿಯಿರಿ

ಹೆಡರ್ ಎಂದರೆ ಮೇಲ್‌ನ ಪಠ್ಯಕ್ಕೆ ಮುಂಚೆ ಬರುವ, ಹೆಚ್ಚಿನವು ಸಾಮಾನ್ಯವಾಗಿ ಕಣ್ಣಿಗೆ ಕಾಣದ ವಿವರಗಳ ಸಾಲು. ಬಂದ ಮೇಲ್ ಒಂದನ್ನು ತೆರೆದು ಮೂಲ ರೂಪವನ್ನು ನೋಡಿ. ರೆಡ್‌ಮೈನ್‌ನ ಮೇಲ್ ಆದರೆ ಎಕ್ಸ್-ರೆಡ್‌ಮೈನ್-ಪ್ರಾಜೆಕ್ಟ್, ಎಕ್ಸ್-ರೆಡ್‌ಮೈನ್-ಇಶ್ಯೂ-ಐಡಿ ಎಂಬ ಸಾಲುಗಳು ಕಾಣುತ್ತವೆ. ಬಗ್‌ಜಿಲ್ಲಾ, ಗಿಟ್‌ಹಬ್, ಗಿಟ್‌ಲ್ಯಾಬ್‌ಗಳ ಮೇಲ್‌ಗಳಲ್ಲಿ ಅದಕ್ಕಿಂತ ಉಪಯುಕ್ತವಾದ ಒಂದು ಸಾಲಿದೆ: ಈ ಮೇಲ್ ನಿಮಗೇಕೆ ಬಂತು ಎಂಬ ಕಾರಣ. ಅಸೈನೀ ಎಂದೋ, ಉಲ್ಲೇಖಿಸಲ್ಪಟ್ಟವರು ಎಂದೋ, ಸಿಸಿ ಎಂದೋ ಅಲ್ಲಿ ನಮೂದಾಗಿರುತ್ತದೆ. ‘ನನಗೇಕೆ ಬಂತು’ ಎಂದು ಕೇಳುವವರಿಗೆ ಆ ಒಂದು ಸಾಲೇ ಉತ್ತರ. ಫಿಲ್ಟರ್ ಬರೆಯುವಾಗಲೂ ಅದನ್ನೇ ಆಧಾರವಾಗಿಟ್ಟರೆ ತಮಗೆ ಅಸೈನ್ ಆದವು ಇನ್‌ಬಾಕ್ಸ್‌ನಲ್ಲಿ ಉಳಿದು, ಬರೀ ಸಿಸಿಯವು ಬೇರೆ ಫೋಲ್ಡರ್‌ಗೆ ಹೋಗುತ್ತವೆ.

ಒಂದೇ ಇಶ್ಯೂವಿನ ಮೇಲ್‌ಗಳು ಒಂದೇ ಸರಣಿಯಲ್ಲಿ ಕೂಡಿ ಬರುವುದಕ್ಕೆ ಕಾರಣ ಮೆಸೇಜ್-ಐಡಿ, ಇನ್-ರಿಪ್ಲೈ-ಟು, ರೆಫರೆನ್ಸಸ್ ಎಂಬ ಮೂರು ಹೆಡರ್‌ಗಳು. ಜಿಮೇಲ್ ಇವುಗಳೊಂದಿಗೆ ವಿಷಯದ ಸಾಲನ್ನೂ ನೋಡುತ್ತದೆ. ರೆಡ್‌ಮೈನ್‌ನ ವಿಷಯದ ಸಾಲಿನಲ್ಲಿ ಸ್ಟೇಟಸ್ ಹೆಸರು ಸೇರಿದ್ದರೆ, ಸ್ಟೇಟಸ್ ಬದಲಾದಂತೆ ಜಿಮೇಲ್‌ನಲ್ಲಿ ಸರಣಿ ತುಂಡಾಗುತ್ತದೆ. ಅದನ್ನು ವಿಷಯದಿಂದ ತೆಗೆಯುವ ಆಯ್ಕೆ ಹೊಸ ಆವೃತ್ತಿಗಳಲ್ಲಿದೆ. ವಿಷಯದ ಸಾಲಿನಲ್ಲಿ ಇಶ್ಯೂ ಸಂಖ್ಯೆ ಮತ್ತು ಶೀರ್ಷಿಕೆ ಇದ್ದರೆ ಸಾಕು. ಮೇಲ್ ಒಳಗೆ ತೋರಿಸುವ ಸಮಯವನ್ನೂ ಒಮ್ಮೆ ಗಮನಿಸಿ: ಬೆಳಗ್ಗೆ 9 ಗಂಟೆಗೆ ಬರೆದದ್ದು 3:30 ಎಂದು ಕಾಣುತ್ತಿದ್ದರೆ ಖಾತೆಯ ಕಾಲವಲಯ ಭಾರತದ್ದಲ್ಲ.

ಕನ್ನಡದಲ್ಲಿ ಬರೆದ ಇಶ್ಯೂಗಳ ವಿಚಾರ

ಹೋಟೆಲಿನವರು ಕನ್ನಡದಲ್ಲೇ ಬರೆದು ಕಳುಹಿಸುವ ದೂರನ್ನು ಹಾಗೆಯೇ ದಾಖಲಿಸುವುದು ಒಳ್ಳೆಯದು, ತಂತ್ರಜ್ಞಾನದಲ್ಲಿ ಅದಕ್ಕೆ ಯಾವ ತಡೆಯೂ ಇಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಪ್ರಿಂಟರ್’ ಎಂಬ ಪದ ಕಣ್ಣಿಗೆ ಚಿಕ್ಕದಾದರೂ ಒತ್ತಕ್ಷರ, ಗುಣಿತ, ಅನುಸ್ವಾರ, ವಿರಾಮ ಸೇರಿ ಎಂಟು ಸಂಕೇತ, ಅಂದರೆ 24 ಬೈಟ್. ವಿಷಯದ ಸಾಲಿನಲ್ಲಿ ಇಂಗ್ಲಿಷೇತರ ಅಕ್ಷರಗಳನ್ನು ತುಂಡು ತುಂಡಾಗಿ ಸಂಕೇತಿಸಬೇಕೆಂಬುದು 1996ರ ಆರ್‌ಎಫ್‌ಸಿ 2047 ಎಂಬ ಅಂತರ್ಜಾಲ ಮಾನಕದ ನಿಯಮ. ಪ್ರತಿ ತುಂಡು 75 ಅಕ್ಷರ ಮೀರಬಾರದು. ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕೆಗಳಾಗಿ ಬರೆಯುವ ಬೇಸ್64 ವಿಧಾನದಲ್ಲಿ ಲೆಕ್ಕ ಹಾಕಿದರೆ ಒಂದು ತುಂಡಿಗೆ 15 ಕನ್ನಡ ಸಂಕೇತಗಳು ಹಿಡಿಯುತ್ತವೆ. ತುಂಡರಿಸುವಾಗ ಒಂದು ಸಂಕೇತದ ಮೂರು ಬೈಟ್‌ಗಳು ಬೇರೆಯಾಗಬಾರದು ಎಂದೂ ಆ ನಿಯಮ ಹೇಳುತ್ತದೆ. ಬೈಟ್ ಎಣಿಸಿ ಕತ್ತರಿಸುವ ಕೈಬರಹದ ಸ್ಕ್ರಿಪ್ಟ್‌ಗಳು ಇದನ್ನು ಮುರಿದಾಗ ಶೀರ್ಷಿಕೆಯ ನಡುವೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಗುರುತು ಕಾಣಿಸಿಕೊಳ್ಳುತ್ತದೆ.

ಲಕ್ಷಣ ನೋಡಿ ಕಾರಣ ಹೇಳಬಹುದು. ಮೇಲ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ, ಡೇಟಾಬೇಸ್‌ನಲ್ಲಿ ಇಲ್ಲವೇ ಮೇಲ್ ತಯಾರಾಗುವಾಗ ಅಕ್ಷರಗಳು ಕಳೆದುಹೋಗಿವೆ. ಟ್ರ್ಯಾಕರ್ ಪುಟದಲ್ಲೂ ಹಾಗೆಯೇ ಇದ್ದರೆ ತಪ್ಪು ಡೇಟಾಬೇಸ್‌ನದು. ಯುರೋಪಿನ ಸ್ವರಚಿಹ್ನೆಗಳುಳ್ಳ ಅಕ್ಷರಗಳ ಕಲಸುಮೇಲೋಗರ ಬಂದರೆ ಯುಟಿಎಫ್-8 ಪಠ್ಯವನ್ನು ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಸಂಕೇತ ಪದ್ಧತಿ) ಎಂದು ಓದಲಾಗಿದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಯುಟಿಎಫ್8 ಕೋಷ್ಟಕಗಳು ಮೂರು ಬೈಟ್‌ವರೆಗೆ ಹಿಡಿಯುವುದರಿಂದ ಕನ್ನಡಕ್ಕೆ ತೊಂದರೆಯಿಲ್ಲ, ನಾಲ್ಕು ಬೈಟ್ ಬೇಡುವ ಇಮೋಜಿಗೆ ತೊಂದರೆಯಿದೆ.

ಹೆಜ್ಜೆ 8: ಮೇಲ್‌ಗೆ ಕೊಟ್ಟ ಉತ್ತರ ಟಿಪ್ಪಣಿಯಾಗಬೇಕಾದರೆ

ಗ್ರಾಹಕರು ಟ್ರ್ಯಾಕರ್‌ಗೆ ಲಾಗಿನ್ ಆಗುವುದು ಅಪರೂಪ, ಮೇಲ್‌ಗೆ ಉತ್ತರಿಸುವುದು ರೂಢಿ. ರೆಡ್‌ಮೈನ್ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲ್ ಓದುವ ವಿಧಾನ) ಮೂಲಕ ಮೇಲ್‌ಬಾಕ್ಸ್ ಓದಿ, ಉತ್ತರದ ಹೆಡರ್‌ಗಳಿಂದಲೋ ವಿಷಯದಲ್ಲಿನ ಇಶ್ಯೂ ಸಂಖ್ಯೆಯಿಂದಲೋ ಅದು ಯಾವ ಇಶ್ಯೂವಿನದು ಎಂದು ಗುರುತಿಸುತ್ತದೆ. ಉತ್ತರದ ಕೆಳಗೆ ಅಂಟಿಕೊಂಡು ಬರುವ ಹಳೆಯ ಮೇಲ್ ಟಿಪ್ಪಣಿಗೆ ಸೇರದಂತೆ, ಇಂಥ ಸಾಲಿನಿಂದ ಮುಂದಿನದನ್ನು ಬಿಡು ಎಂದು ಹೇಳುವ ಸೆಟ್ಟಿಂಗ್ ಇದೆ. ಮೇಲ್ ಮಾದರಿಯ ತಲೆಯಲ್ಲೇ ‘ಈ ಸಾಲಿನ ಮೇಲೆ ಉತ್ತರ ಬರೆಯಿರಿ’ ಎಂದು ಕನ್ನಡದಲ್ಲಿ ಹಾಕಿ, ಅದೇ ಸಾಲನ್ನು ಸೆಟ್ಟಿಂಗ್‌ನಲ್ಲೂ ಬರೆಯಿರಿ.

ಇಲ್ಲಿರುವ ದೊಡ್ಡ ಅಪಾಯ ಮೇಲ್‌ಗಳ ಕೊನೆಯಿಲ್ಲದ ಸುತ್ತು. ಗ್ರಾಹಕರು ಊರಿಗೆ ಹೋಗುವಾಗ ‘ರಜೆಯಲ್ಲಿದ್ದೇನೆ’ ಎಂಬ ಸ್ವಯಂ ಉತ್ತರ ಇಟ್ಟಿದ್ದಾರೆ ಎನ್ನಿ. ಟ್ರ್ಯಾಕರ್‌ನ ಮೇಲ್‌ಗೆ ಆ ಉತ್ತರ ಬರುತ್ತದೆ, ಅದು ಟಿಪ್ಪಣಿಯಾಗಿ ವಾಚರ್‌ಗಳಿಗೆಲ್ಲ ಹೋಗುತ್ತದೆ, ಅವರಲ್ಲಿ ಇನ್ನೊಬ್ಬರ ಸ್ವಯಂ ಉತ್ತರ ಹೊಸ ಟಿಪ್ಪಣಿಯಾಗುತ್ತದೆ. ಹೀಗೆ ಅದು ನಿಲ್ಲುವುದೇ ಇಲ್ಲ. ಇದನ್ನು ತಡೆಯಲೆಂದೇ 2004ರ ಆರ್‌ಎಫ್‌ಸಿ 3834 ಆಟೋ-ಸಬ್‌ಮಿಟೆಡ್ ಎಂಬ ಹೆಡರನ್ನು ನಿಗದಿಪಡಿಸಿತು. ಟ್ರ್ಯಾಕರ್ ತನ್ನ ಮೇಲ್‌ಗಳಲ್ಲಿ ಅದನ್ನು ಹಾಕಬೇಕು, ಒಳಬರುವ ಮೇಲ್‌ಗಳಲ್ಲಿ ಅದು ಕಂಡರೆ ತಿರಸ್ಕರಿಸಬೇಕು. ರೆಡ್‌ಮೈನ್ ಎರಡನ್ನೂ ಮಾಡುತ್ತದೆ. ನೀವೇ ಬರೆದ ಸ್ಕ್ರಿಪ್ಟ್ ಇದ್ದರೆ ಅದು ಮಾಡುತ್ತದೆಯೇ ಎಂದು ಪರಿಶೀಲಿಸಿ.

ಹೆಜ್ಜೆ 9: ಬರದ ಮೇಲನ್ನು ಹುಡುಕುವ ಕ್ರಮ

ದೂರು ಬಂದ ಕೂಡಲೇ ಮೂರು ವಿವರ ಕೇಳಿ ಪಡೆಯಿರಿ: ಇಶ್ಯೂ ಸಂಖ್ಯೆ, ಬದಲಾವಣೆಯಾದ ಅಂದಾಜು ಸಮಯ, ಮೇಲ್ ಬರಬೇಕಿದ್ದ ವಿಳಾಸ. ಇಶ್ಯೂವಿನ ಇತಿಹಾಸದಲ್ಲಿ ಆ ಬದಲಾವಣೆ ನಿಜಕ್ಕೂ ದಾಖಲಾಗಿದೆಯೇ, ಟಿಪ್ಪಣಿ ಖಾಸಗಿಯೇ, ಬದಲಾವಣೆ ಮಾಡಿದವರು ಮತ್ತು ದೂರು ಕೊಟ್ಟವರು ಒಬ್ಬರೇ ಅಲ್ಲ ತಾನೇ ಎಂದು ನೋಡಿ. ನಂತರ ಆ ವ್ಯಕ್ತಿ ಪಟ್ಟಿಗೆ ಸೇರುವವರೇ ಎಂದು ತಿಳಿಯಬೇಕು. ಜಿರಾದಲ್ಲಿ ನೋಟಿಫಿಕೇಶನ್ ಹೆಲ್ಪರ್ ಎಂಬ ಸಾಧನಕ್ಕೆ ವ್ಯಕ್ತಿ, ಇಶ್ಯೂ, ಘಟನೆ ಈ ಮೂರನ್ನು ಕೊಟ್ಟರೆ ಮೇಲ್ ಹೋಗುತ್ತದೆಯೋ ಇಲ್ಲವೋ, ಏಕೆ ಎಂದು ಅದೇ ಹೇಳುತ್ತದೆ. ಬೇರೆ ಟ್ರ್ಯಾಕರ್‌ಗಳಲ್ಲಿ ಪಾತ್ರ, ಅನುಮತಿ, ಸ್ವಂತ ಆಯ್ಕೆ ಈ ಕ್ರಮದಲ್ಲಿ ಕೈಯಿಂದಲೇ ನೋಡಬೇಕು. ಖಾತೆಯಲ್ಲಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಕೆಲಸ ಬದಲಿಸಿದವರ ಹಳೆಯ ವಿಳಾಸ ಉಳಿದಿರುವುದು ಅಪರೂಪವಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಿಯಿದ್ದರೆ ಮಾತ್ರ ಗೆರೆಯ ಆಚೆ ಬದಿಗೆ ಹೋಗಿ. ಸರದಿಯಲ್ಲಿ ಸಿಕ್ಕಿಕೊಂಡಿದೆಯೇ ನೋಡಿ, ಆಮೇಲೆ ಮೇಲ್ ಸರ್ವರ್‌ನ ಲಾಗ್‌ನಲ್ಲಿ ಆ ವಿಳಾಸವನ್ನು ಹುಡುಕಿ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಆದರೆ ಪ್ರತಿ ಮೇಲ್‌ನ ಎದುರು ಸೆಂಟ್ (ಹೋಗಿದೆ), ಡೆಫರ್ಡ್ (ಮುಂದೂಡಿದೆ), ಬೌನ್ಸ್ಡ್ (ತಿರಸ್ಕೃತವಾಗಿ ಮರಳಿದೆ) ಎಂದು ಸ್ಥಿತಿ ಬರೆದಿರುತ್ತದೆ. ಉತ್ತರದ ಸಂಖ್ಯೆ 4ರಿಂದ ಆರಂಭವಾದರೆ ತಡೆ ತಾತ್ಕಾಲಿಕ. ಪೋಸ್ಟ್‌ಫಿಕ್ಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಐದು ದಿನಗಳವರೆಗೆ ಮರುಪ್ರಯತ್ನ ಮಾಡುತ್ತದೆ. 5ರಿಂದ ಆರಂಭವಾದರೆ ತಿರಸ್ಕಾರ ಶಾಶ್ವತ: 5.1.1 ಎಂದರೆ ಅಂತಹ ವಿಳಾಸವಿಲ್ಲ, 5.2.2 ಎಂದರೆ ಮೇಲ್‌ಬಾಕ್ಸ್ ತುಂಬಿದೆ. 250 ಎಂಬ ಉತ್ತರ ಕಂಡರೆ ಎದುರಿನ ಸರ್ವರ್ ಮೇಲನ್ನು ಸ್ವೀಕರಿಸಿದೆ, ಇನ್ನು ಹುಡುಕಬೇಕಾದದ್ದು ಸ್ವೀಕರಿಸುವವರ ಸ್ಪ್ಯಾಮ್ ಫೋಲ್ಡರಿನಲ್ಲಿ ಮತ್ತು ಅವರೇ ಬರೆದುಕೊಂಡ ಫಿಲ್ಟರ್‌ಗಳಲ್ಲಿ. ಬೌನ್ಸ್ ಆದ ಮೇಲ್‌ಗಳು ಬಂದು ಬೀಳುವ ವಿಳಾಸವನ್ನು ವಾರಕ್ಕೊಮ್ಮೆಯಾದರೂ ಒಬ್ಬರು ತೆರೆದು ನೋಡುವ ವ್ಯವಸ್ಥೆ ಇರಲಿ. ಅದನ್ನು ಯಾರೂ ನೋಡದಿದ್ದರೆ ಗ್ರಾಹಕರು ಫೋನ್ ಮಾಡುವವರೆಗೆ ವಿಷಯ ತಿಳಿಯುವುದಿಲ್ಲ.

ಟ್ರ್ಯಾಕರ್‌ನ ಆವೃತ್ತಿ ಏರಿಸಿದಾಗ, ಸರ್ವರ್ ಬದಲಿಸಿದಾಗ ಇದೇ ಕ್ರಮವನ್ನು ಪರೀಕ್ಷೆಯಾಗಿ ನಡೆಸಿ. ಪರೀಕ್ಷೆಗೆಂದೇ ಒಂದು ಪ್ರಾಜೆಕ್ಟ್ ಮತ್ತು ಸಪೋರ್ಟ್, ಪ್ರೋಗ್ರಾಮರ್, ಗ್ರಾಹಕ ಎಂಬ ಮೂರು ಖಾತೆಗಳನ್ನು ಇಟ್ಟುಕೊಳ್ಳಿ. ಗ್ರಾಹಕರ ಖಾತೆ ಹೊರಗಿನ ಮೇಲ್ ಸೇವೆಯದಾಗಿರಲಿ, ಇಶ್ಯೂವಿನ ಶೀರ್ಷಿಕೆ ಉದ್ದವಾದ ಕನ್ನಡ ವಾಕ್ಯವಾಗಿರಲಿ. ಗ್ರಾಹಕರ ಪರವಾಗಿ ದಾಖಲಿಸಿ, ಅಸೈನ್ ಮಾಡಿ, ಒಂದು ಬಹಿರಂಗ ಟಿಪ್ಪಣಿ ಮತ್ತು ಒಂದು ಖಾಸಗಿ ಟಿಪ್ಪಣಿ ಬರೆದು, ಗ್ರಾಹಕರ ಖಾತೆಯಿಂದ ಮೇಲ್‌ನಲ್ಲೇ ಉತ್ತರಿಸಿ, ಕೊನೆಗೆ ಇಶ್ಯೂ ಮುಚ್ಚಿ. ಮೂರೂ ಇನ್‌ಬಾಕ್ಸ್‌ಗಳಲ್ಲಿ ಬಂದಿರುವ ಮೇಲ್‌ಗಳನ್ನು, ಬರಬಾರದ್ದು ಬಂದಿಲ್ಲವೆಂಬುದನ್ನೂ ಸೇರಿಸಿ, ಹೊಂದಿಸಿ ನೋಡಿದ ಮೇಲೆಯೇ ಟ್ರ್ಯಾಕರನ್ನು ತಂಡಕ್ಕೆ ಮರಳಿ ತೆರೆಯಿರಿ.